ಚಿಕ್ಕ ಕಾಯಿಲ್ ಇಲ್ಲದ ಬಲ್ಬುಗಳು

ಆ ಭಾನುವಾರವೂ ನಾನು ಎರಡು ಬಲ್ಬುಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಜಿಗಣಿಯಿಂದ ಬೇಗೂರಿಗೆ ಹೋಗಿದ್ದೆ. ಬೇಗೂರಿನ ಒಂದು ವಠಾರದಲ್ಲಿ ನನ್ನ ಮಗಳ ಮನೆ. ಒಂದು ಕೋಣೆ, ಹಿಂದೆ ಅಡುಗೆಗೆ ಒಂದಿಷ್ಟು ಜಾಗ. ಬಾಗಿಲ ಎದುರಿಗೇ ಮೂರಂತಸ್ತಿನ ಗೋಡೆ ಎದ್ದಿರುವುದರಿಂದ ನಡುಮಧ್ಯಾಹ್ನವೂ ಒಳಗೆ ಮಬ್ಬು. ಮಗಳು ಹಗಲಲ್ಲಿ ಲೈಟು ಹಾಕುವವಳಲ್ಲ. ನಾನು ಮಾತ್ರ ಹೊಸ್ತಿಲು ದಾಟಿದವಳೇ ಮೊದಲು ಸ್ವಿಚ್ ಒತ್ತುತ್ತಿದ್ದೆ. ಒತ್ತಿ, ತಲೆಯೆತ್ತಿ ಒಂದು ಗಳಿಗೆ ನೋಡುತ್ತಿದ್ದೆ. ನನ್ನ ಕೈಯಲ್ಲಿ ಬೆಸುಗೆಯಾದ ಬಲ್ಬು ನನ್ನ ಮಗಳ ಮನೆಯಲ್ಲಿ ಹತ್ತುವುದೆಂದರೆ ನನಗೆ ಅಷ್ಟು ಹೆಮ್ಮೆ.

ಮೊಮ್ಮಗಳು ನೆಲದ ಮೇಲೆ ಕೂತು ಚಮಚಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ನಾಲ್ಕು ವರ್ಷ. ಅವಳ ಬಗ್ಗೆ ಬರೆಯಲು ಕೂತರೆ ನನ್ನ ಕೈ ನಿಲ್ಲುವುದಿಲ್ಲ: ಗುಂಗುರು ಕೂದಲು, ಎಡಗೆನ್ನೆಯಲ್ಲಿ ಗುಳಿ, ಚಮಚ ಜೋಡಿಸುವಾಗ ನಾಲಿಗೆಯ ತುದಿ ಹೊರಗೆ! ಎರಡೂ ಕಿವಿಗೆ ಮಷಿನ್. ಹುಟ್ಟಿದಾಗಿನಿಂದ ಅವಳಿಗೆ ಕೇಳುವುದು ತೀರಾ ಕಡಿಮೆ. ಬೇಗೂರಿನಲ್ಲೇ ಇರುವ ಕಿವಿ ಕೇಳದ ಮಕ್ಕಳ ಶಾಲೆಯವರು ಕಿವಿ ಮಷಿನ್ ಜೊತೆಗೆ ಇನ್ನೊಂದು ಸೆಟ್ ಕೊಟ್ಟಿದ್ದರು. ಮಗುವಿನ ಕೊರಳಿಗೆ ಪದಕದ ಹಾಗೆ ಒಂದು ಸಣ್ಣ ಡಬ್ಬಿ, ತಾಯಿಯ ಸೆರಗಿಗೆ ಸಿಕ್ಕಿಸುವ ಒಂದು ಮೈಕು. ತಾಯಿ ಅಡುಗೆಮನೆಯಲ್ಲಿ ನಿಂತು ಮಾತಾಡಿದರೂ ಮಗುವಿಗೆ ಕಿವಿಯ ಹತ್ತಿರವೇ ಹೇಳಿದ ಹಾಗೆ ಕೇಳುತ್ತದಂತೆ. ದಿನಾ ಸಂಜೆ ಒಂದು ತಾಸು, ರಜೆಯ ಭಾನುವಾರ ಹಗಲಲ್ಲೂ, ಅದನ್ನು ಹಾಕಿಕೊಂಡು ಮಗುವಿನ ಜೊತೆ ಮಾತಾಡಬೇಕು: ಇದು ಅನ್ನ, ಇದು ನೀರು, ಇದು ಬಾಚಣಿಗೆ. ಹಾಗೆ ಮಾಡಿದರೆ ಮಾತು ಬರುತ್ತದೆ, ಈ ವಯಸ್ಸು ದಾಟಿದರೆ ಕಷ್ಟ ಎಂದು ಶಾಲೆಯ ಮೇಡಂ ಹೇಳಿದ್ದರು.

ಲೈಟು ಹಾಕಿ ನಾನು ಅವಳತ್ತ ತಿರುಗಿದೆ. ಅವಳು ನನ್ನನ್ನು ನೋಡಿದಳು. ಮುಖ ಕಿವುಚಿದಳು. ಕೊರಳಿನ ಡಬ್ಬಿಯನ್ನು ಎರಡೂ ಕೈಯಿಂದ ಕಿತ್ತು ಎಸೆದು, ಓಡಿಹೋಗಿ ತಾಯಿಯ ಹಿಂದೆ ಅಡಗಿದಳು. ಪ್ರತಿ ಭಾನುವಾರವೂ ಇದೇ.

"ಯವ್ವಾ, ನಿನ್ನ ಕಂಡ್ರ ಯಾಕ ಹಿಂಗ ಮಾಡ್ತಾಳೋ ಏನೋ" ಎಂದಳು ಮಗಳು.

"ನನ್ನ ದನಿ ಸೇರವಲ್ದೇನೋ ಅಕಿಗೆ."

"ದಿನಾ ಸಂಜೀಕೂ ಹಿಂಗ ಮಾಡ್ತಾಳ. ಆದ್ರ ನೀ ಬಂದ್ಯಂದ್ರ ಹಗಲಾಗೂ ಶುರು."

ಮಗಳು ಶಾಲೆಯ ಪುಸ್ತಕ ತೆಗೆದು ಓದಿ ಹೇಳಿದಳು. ಮನೆಯಲ್ಲಿ ಅಭ್ಯಾಸ ಆಗುತ್ತಿಲ್ಲ, ಶಾಲೆಯಲ್ಲಿ ಮಗು ಸೆಟ್ಟನ್ನು ತಕರಾರಿಲ್ಲದೆ ಹಾಕಿಕೊಳ್ಳುತ್ತದೆ, ಮನೆಯಲ್ಲಿ ಏಕೆ ಹಾಕಿಕೊಳ್ಳುವುದಿಲ್ಲ? ಸೆಟ್ಟುಗಳು ಕಡಿಮೆ ಇವೆ, ಕಾಯುತ್ತಿರುವ ಮಕ್ಕಳು ಬೇರೆ ಇದ್ದಾರೆ. ದಸರಾ ರಜೆಯೊಳಗೆ ಸುಧಾರಿಸದಿದ್ದರೆ ವಾಪಸ್ ಕೊಡಬೇಕಾಗುತ್ತದೆ. ಬಟ್ಟೆ ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ಬಂದು, ಸಂಜೆ ಅಳುವ ಮಗುವಿನ ಜೊತೆ ಒಂದು ತಾಸು ಗುದ್ದಾಡುತ್ತಿದ್ದಳು. ಅಳಿಯ ಕ್ರೇನ್ ಓಡಿಸಲು ದೂರದ ಸೈಟಿಗೆ ಹೋಗಿದ್ದ. ಮಗುವಿನ ಕಿವಿಯಲ್ಲಿ ಏನು ಕೇಳಿಸುತ್ತಿದೆಯೋ ನಮಗೆ ಗೊತ್ತಾಗುವ ಬಗೆ ಇರಲಿಲ್ಲ. ಹೇಳಲು ಆ ಮಗುವಿಗೆ ಇನ್ನೂ ಮಾತು ಬಂದಿರಲಿಲ್ಲ.

ನಾನು ತಂದಿದ್ದ ಎರಡು ಬಲ್ಬನ್ನು ಕಪಾಟಿನ ಮೇಲಿಟ್ಟು ಬೇಗನೆ ಹೊರಟೆ. ಮುಂದಿನ ಭಾನುವಾರ ಹೋಗಬಾರದು ಎಂದುಕೊಂಡೆ. ಜಿಗಣಿಯ ನನ್ನ ಬಾಡಿಗೆ ಕೋಣೆಯಲ್ಲಿ ಮಾತಾಡಿಸುವವರು ಯಾರೂ ಇಲ್ಲ. ವಾರಕ್ಕೆ ಒಂದು ದಿನ ಆ ಮಗುವಿನ ಮುಖ ನೋಡಲು ನಾನು ಆರು ದಿನ ಕಾಯುತ್ತಿದ್ದೆ.

ನಮ್ಮ ಶೆಡ್ ಜಿಗಣಿಯ ಕೈಗಾರಿಕಾ ಪ್ರದೇಶದ ಒಂದು ಒಳರಸ್ತೆಯಲ್ಲಿದೆ. ಉದ್ದನೆಯ ಬೆಲ್ಟಿನ ಎರಡೂ ಬದಿಗೆ ಹದಿನಾಲ್ಕು ಹೆಂಗಸರು ಕೂತು ಎಲ್‌ಇಡಿ ಬಲ್ಬು ಜೋಡಿಸುತ್ತಾರೆ. ಹೆಚ್ಚಿನವರು ನಮ್ಮ ಕಡೆಯವರೇ: ಕೊಪ್ಪಳ, ಗಂಗಾವತಿ, ಲಿಂಗಸೂಗೂರು. ಬೆಲ್ಟಿನ ಕೊನೆಯಲ್ಲಿ ಹೋಲ್ಡರ್ ಇದೆ. ಹತ್ತಿದ ಬಲ್ಬು ಡಬ್ಬಿಗೆ, ಹತ್ತದ್ದು ನನ್ನ ರೀವರ್ಕ್ ಟೇಬಲಿಗೆ. ನಾನು ಬುರುಡೆ ಬಿಚ್ಚಿ ಬೋರ್ಡು ಹೊರತೆಗೆದು, ಎಲ್ಲಿ ಬೆಸುಗೆ ಬಿಟ್ಟಿದೆ, ಏನು ಸುಟ್ಟಿದೆ ನೋಡಿ ಸರಿ ಮಾಡುತ್ತೇನೆ. ಹಾಗೆ ಬಿಚ್ಚುವಾಗ ಗೀರು ಬಿದ್ದ ಬಲ್ಬುಗಳು ಅಂಗಡಿಗೆ ಹೋಗುವುದಿಲ್ಲ. ಅವನ್ನು ತಿಂಗಳಿಗೊಮ್ಮೆ ನಮಗೇ ಹಂಚುತ್ತಾರೆ. ಉಳಿದ ಹೆಂಗಸರು ಒಂದೆರಡು ಒಯ್ದರೆ ನಾನು ಹತ್ತು ಒಯ್ಯುತ್ತಿದ್ದೆ, ಹೇಗಿದ್ದರೂ ಅವನ್ನು ಬದುಕಿಸಿದವಳು ನಾನೇ ಅಲ್ಲವೇ!

ಆ ವಾರದ ನಡುವೆ ಒಬ್ಬ ಹಿರಿಯರು ಶೆಡ್ಡಿಗೆ ಬಂದರು. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರಂತೆ. ಒಂದು ಕೈಯಲ್ಲಿ ಬಟ್ಟೆಚೀಲ, ಅದರಲ್ಲಿ ನಮ್ಮ ಹನ್ನೆರಡು ಬಲ್ಬು. ಇನ್ನೊಂದು ಕೈಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡ ರೇಡಿಯೋ.

ಸೂಪರ್‌ವೈಸರ್ ಹುಡುಗ ಒಂದು ಬಲ್ಬನ್ನು ಹೋಲ್ಡರಿಗೆ ಹಾಕಿ ತೋರಿಸಿದ. "ಉರೀತಿದೆಯಲ್ಲ ಸಾರ್. ಮತ್ತೇನು ಕಂಪ್ಲೇಂಟು?"

"ಉರಿಯುತ್ತಪ್ಪ. ಉರಿಯೋದರ ಜೊತೆಗೆ ಕಿರುಚುತ್ತೆ."

ಬೆಲ್ಟಿನ ಗಂಗಾವತಿಯವಳು ತಲೆಯೆತ್ತದೆ ಹೇಳಿದಳು: "ನಮ್ಮನ್ಯಾಗ ಗಂಡ ಕಿರುಚ್ತಾನ, ಬಲ್ಬು ಪಾಪ ಸುಮ್ಕ ಇರ್ತೈತಿ." ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ.

ಹಿರಿಯರಿಗೆ ಸಿಟ್ಟು ಬರಲಿಲ್ಲ. ರೇಡಿಯೋ ಹಾಕಿ, ಮುಳ್ಳು ತಿರುಗಿಸಿ, ಯಾರೋ ಜೋಳದ ಬೆಳೆಯ ಬಗ್ಗೆ ಮಾತಾಡುತ್ತಿದ್ದುದನ್ನು ಹಿಡಿದರು. "ಈಗ ನಗಿ ನೋಡೋಣ" ಎಂದು ಅದನ್ನು ಹೋಲ್ಡರಿನ ಹತ್ತಿರ ತಂದರು. ಕೊರ್‌‌ರ್ ಎಂದು ಶುರುವಾಯಿತು ನೋಡಿ. ಖಾಲಿ ಮಿಕ್ಸಿ ತಿರುಗಿದ ಹಾಗೆ, ನಡುನಡುವೆ ತಗಡು ಗೀರಿದ ಹಾಗೆ. ಜೋಳವೂ ಇಲ್ಲ, ಮಾತೂ ಇಲ್ಲ. ಬಲ್ಬು ಆರಿಸಿದರು, ಮಾತು ಬಂತು. ಹಾಕಿದರು, ಕೊರ್‌‌ರ್. ಶೆಡ್ಡಿನಲ್ಲಿ ನಗು ನಿಂತಿತು.

"ಕೇಳಿಸ್ತಾ? ಒಳಗೆ ಏನೋ ಹಾಕೋದು ಬಿಟ್ಟಿದೀರ ಕಣ್ರೀ. ಹುಡುಕಿ. ಸರಿ ಆಗೋವರೆಗೂ ಈ ರೇಡಿಯೋ ಇಲ್ಲೇ ಇರ್ಲಿ. ಮನೇಲಿ ಹೇಗೂ ನಾನು ಕೇಳೋ ಹಾಗಿಲ್ಲವಲ್ಲ."

ಮಾಲೀಕರು ಬಲ್ಬುಗಳನ್ನೂ ರೇಡಿಯೋವನ್ನೂ ನನ್ನ ಟೇಬಲಿಗೆ ಕಳಿಸಿದರು.

ಹನ್ನೆರಡಕ್ಕೂ ಮಾರ್ಕರಿನಲ್ಲಿ ಅಂಕಿ ಬರೆದೆ. ಒಂದೊಂದನ್ನೇ ಹೋಲ್ಡರಿಗೆ ಹಾಕಿ, ರೇಡಿಯೋವನ್ನು ಒಂದು ಮೊಳ ದೂರ ಇಟ್ಟು ಕೇಳಿದೆ. ಹನ್ನೆರಡೂ ಕೂಗಿದವು. ಅವತ್ತು ಬೆಲ್ಟಿನಿಂದ ಇಳಿದ ಹೊಸ ಬಲ್ಬು ಹಾಕಿದೆ. ಸುಮ್ಮನಿತ್ತು. ಸರಿ, ಎರಡನ್ನೂ ಬಿಚ್ಚಿದೆ. ಬುರುಡೆ ತೆಗೆದು, ದೀಪದ ಚುಕ್ಕಿಗಳಿರುವ ಬಿಳಿ ತಟ್ಟೆಯ ಬೆಸುಗೆ ಕರಗಿಸಿ, ಬೋರ್ಡನ್ನು ಇಕ್ಕಳದಿಂದ ಎಳೆದು, ಎರಡನ್ನೂ ಹಳೆಯ ಪೇಪರಿನ ಮೇಲೆ ಪಕ್ಕಪಕ್ಕ ಇಟ್ಟೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ನಕ್ಷೆ ಓದಲು ಬರುವುದಿಲ್ಲ. ಒಂದರ ಮೇಲೆ ಬೆರಳಿಡುವುದು, ಇನ್ನೊಂದರಲ್ಲಿ ಅದೇ ಜಾಗಕ್ಕೆ ಬೆರಳಿಡುವುದು, ಹೀಗೆ ಬಾಗಿಲಿನಿಂದ ಒಳಗೆ ಬಂದ ಹಾಗೆ ನೋಡುತ್ತಾ ಹೋದೆ. ಕರೆಂಟು ಒಳಗೆ ಬರುವ ಕಡೆ ಹೊಸ ಬೋರ್ಡಿನಲ್ಲಿ ಒಂದು ಚಿಕ್ಕ ಕಾಯಿಲ್ ಇತ್ತು, ತಾಮ್ರದ ಎಳೆ ಸುತ್ತಿದ್ದು, ಕಡಲೆಕಾಳಿನಷ್ಟು. ಹಳೆಯ ಬೋರ್ಡಿನಲ್ಲಿ ಆ ಜಾಗಕ್ಕೆ ಒಂದು ತುಂಡು ತಂತಿ ಬೆಸೆದಿತ್ತು. ತಂತಿಯ ಎರಡು ತುದಿ ಮಡಚಿ, ನಡುವೆ ಒಂದು ಸಣ್ಣ ಡುಬ್ಬ.

ಆ ಡುಬ್ಬ ನನ್ನದು.

ಕೆಲವು ತಿಂಗಳ ಹಿಂದೆ ಆ ಚಿಕ್ಕ ಕಾಯಿಲ್ ಸರಬರಾಜು ನಿಂತುಹೋಗಿತ್ತು. ಬೆಲ್ಟು ಖಾಲಿ, ಹೆಂಗಸರು ಸುಮ್ಮನೆ ಕೂತಿದ್ದರು. ನಾನು ಟೇಬಲಿನ ಮೇಲೆ ಆಟವಾಡುತ್ತಾ, ಕತ್ತರಿಸಿ ಬಿದ್ದ ತಂತಿಯ ತುಂಡನ್ನು ಆ ಜಾಗಕ್ಕೆ ಬೆಸೆದು ನೋಡಿದೆ. ಬಲ್ಬು ಹತ್ತಿತು! ಬೋರ್ಡಿನ ನಡುವೆ ಇರುವ ದೊಡ್ಡ ಕಾಯಿಲ್ ತೆಗೆದರೆ ಹತ್ತುವುದಿಲ್ಲ, ಚಿಕ್ಕದು ಇಲ್ಲದಿದ್ದರೂ ಹತ್ತುತ್ತದೆ. ಹಾಗಾದರೆ ಚಿಕ್ಕದನ್ನು ಶೋಕಿಗೆ ಇಟ್ಟಿದ್ದಾರೆ ಎಂದುಕೊಂಡೆ. ತಂತಿ ಬೋರ್ಡಿಗೆ ತಾಗದಂತೆ ನಡುವೆ ಡುಬ್ಬ ಮಾಡುವುದನ್ನು ಬೆಲ್ಟಿನವರಿಗೆಲ್ಲ ಕಲಿಸಿದೆ. ಸೂಪರ್‌ವೈಸರ್ "ನೀವೇ ನಮ್ಮ ಇಂಜಿನಿಯರ್ ಬಿಡಜ್ಜಿ" ಎಂದು ಚಹಾ ತರಿಸಿಕೊಟ್ಟಿದ್ದ. ಆಮೇಲೆ ಕಾಯಿಲ್ ಬಂತು, ಬೆಲ್ಟಿನಲ್ಲಿ ಅದನ್ನೇ ಹಾಕಲು ಶುರು ಮಾಡಿದರು. ನಾನು ಮಾತ್ರ ರೀವರ್ಕಿನಲ್ಲಿ ಎಳೆ ಹರಿದ ಕಾಯಿಲ್ ಕಂಡಾಗಲೆಲ್ಲ ಅದನ್ನು ಕಿತ್ತು ತಂತಿಯನ್ನೇ ಬೆಸೆಯುತ್ತಾ ಹೋದೆ.

ನಂಬಲು ಮನಸ್ಸಾಗಲಿಲ್ಲ. ಕೂಗುವ ಬೋರ್ಡಿನಿಂದ ತಂತಿ ತೆಗೆದು ಕಾಯಿಲ್ ಹಾಕಿದೆ. ರೇಡಿಯೋದಲ್ಲಿ ಹೆಂಗಸೊಬ್ಬಳು ಸ್ವಚ್ಛವಾಗಿ ವಾರ್ತೆ ಓದುತ್ತಿದ್ದಳು. ಕಾಯಿಲ್ ತೆಗೆದು ತಂತಿ ಹಾಕಿದೆ, ಕೊರ್‌‌ರ್. ಮೂರು ಸಲ ಹಾಕಿ ತೆಗೆದೆ. ಮೂರನೆಯ ಸಲ ಬೆಸುಗೆಕಡ್ಡಿ ಹಿಡಿದ ಕೈ ಹಾಗೆಯೇ ನಿಂತಿತು. ಸೆಟ್ ಕೊಡುವ ದಿನ ಶಾಲೆಯ ಮೇಡಂ ಹೇಳಿದ್ದು ನೆನಪಾಯಿತು: "ಇದೂ ಒಂದು ಪುಟ್ಟ ರೇಡಿಯೋನೇ ಅಜ್ಜಿ. ಅಮ್ಮನ ಸ್ಟೇಷನ್ ಒಂದೇ ಬರುತ್ತೆ ಇದರಲ್ಲಿ."

ಮಗಳ ಮನೆಯಲ್ಲಿರುವ ಅಷ್ಟೂ ಬಲ್ಬು ನಾನು ರೀವರ್ಕ್ ಮಾಡಿದವು. ಸಂಜೆ ದೀಪ ಹಾಕಿದರೆ ಮಗು ಡಬ್ಬಿ ಕೀಳುತ್ತದೆ. ಹಗಲಲ್ಲಿ ದೀಪ ಹಾಕುವವಳು ನಾನೊಬ್ಬಳೇ. ನಾನು ಬಾಗಿಲಲ್ಲಿ ಕಂಡರೆ ಮರುಗಳಿಗೆ ಕಿವಿಯೊಳಗೆ ತಗಡು ಗೀರುತ್ತದೆ ಎಂದು ಆ ಮಗು ಕಲಿತುಕೊಂಡಿದೆ. ರೇಡಿಯೋ ಆರಿಸಿ ಕೂತೆ. ಬೆಲ್ಟಿನ ಸದ್ದು, ಮಾತು, ನಗು ಎಲ್ಲವೂ ಇದ್ದವು. ಯಾರ ಹತ್ತಿರ ಹೇಳಿಕೊಳ್ಳುವುದು ತಿಳಿಯಲಿಲ್ಲ.

ಸೂಪರ್‌ವೈಸರಿಗೆ ಎರಡು ಬೋರ್ಡನ್ನೂ ತೋರಿಸಿದೆ. ಅವನ ಮುಖ ಸಣ್ಣದಾಯಿತು. ಆಗ ತಂತಿ ಹಾಕಲು ಒಪ್ಪಿದವನು ಅವನೇ, ಮಾಲೀಕರಿಗೆ ಹೇಳಿರಲಿಲ್ಲ.

"ಅಜ್ಜಿ, ಈ ಹನ್ನೆರಡಕ್ಕೆ ಕಾಯಿಲ್ ಹಾಕ್ಬಿಡಿ. ಅಂಕಲ್‌ಗೆ ಕೊಟ್ಟು ಕಳ್ಸೋಣ. ಮುಗೀತು."

"ಉಳಿದಾವು? ಅಂಗಡ್ಯಾಗ ಹೋಗ್ಯಾವಲ್ಲಪ್ಪ."

"ಈ ಕಾಲದಲ್ಲಿ ಯಾರಜ್ಜಿ ರೇಡಿಯೋ ಕೇಳ್ತಾರೆ? ಸುಮ್ನೆ ಇಲ್ಲದ ತಲೆನೋವು ತರ್ಬೇಡಿ."

ಬೋರ್ಡುಗಳನ್ನು ಎತ್ತಿಕೊಂಡು ಟೇಬಲಿಗೆ ಮರಳಿದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ ಮನೆ.

ಭಾನುವಾರ, ಸೂಪರ್‌ವೈಸರನ್ನು ಕೇಳಿ ಇಸಿದುಕೊಂಡಿದ್ದ ರೇಡಿಯೋ ಹಾಗೂ ನಾಲ್ಕು ಒಳ್ಳೆಯ ಬಲ್ಬು ಹಿಡಿದುಕೊಂಡು ಹುಳಿಮಾವಿನಲ್ಲಿ ಬಸ್ ಬದಲಾಯಿಸಿ ಬೇಗೂರಿಗೆ ಹೋದೆ. ಈ ಸಲ ಸ್ವಿಚ್ ಮುಟ್ಟಲಿಲ್ಲ. ಮೊಮ್ಮಗಳು ನನ್ನನ್ನು ನೋಡಿದವಳೇ ಡಬ್ಬಿಯ ಮೇಲೆ ಕೈ ಇಟ್ಟುಕೊಂಡು ಅಡುಗೆಮನೆಗೆ ಓಡಿದಳು. ಮಗಳಿಗೆ ರೇಡಿಯೋ ಕೊಟ್ಟು, "ಕೇಳು" ಎಂದು ದೀಪ ಹಾಕಿದೆ. ಕೊರ್‌‌ರ್. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಯವ್ವಾ... ದಿನಾ ಇದನ್ನ ಕೇಳ್ಯಾಳೇನು ನನ್ನ ಕೂಸು?"

ನಾಲ್ಕೂ ಬಲ್ಬು ಬದಲಾಯಿಸಿದೆವು. ಮತ್ತೆ ರೇಡಿಯೋ ಹಾಕಿದೆವು. ಸದ್ದು ಸ್ವಲ್ಪ ತಗ್ಗಿತ್ತು, ಹೋಗಿರಲಿಲ್ಲ! ಮೇನ್ ಸ್ವಿಚ್ ಆರಿಸಿದರೂ ಇತ್ತು. ಹಾಗಾದರೆ ನಾನು ಕಂಡುಕೊಂಡದ್ದು ಸುಳ್ಳೇ? ರೇಡಿಯೋ ಹಿಡಿದು ಕೋಣೆಯ ಸುತ್ತ ನಡೆದೆ. ಕಪಾಟಿನ ಹತ್ತಿರ ಕಡಿಮೆ, ಪಕ್ಕದ ಮನೆಯ ಗೋಡೆಗೆ ಹಿಡಿದರೆ ಜಾಸ್ತಿ. ಹೊರಗೆ ಬಂದು ಓಣಿಯ ನಡುವೆ ನಿಂತರೆ ಕಿವಿ ಹರಿಯುವಷ್ಟು. ತಲೆಯೆತ್ತಿದೆ. ಮಳೆಯ ಮಬ್ಬಿಗೆ ಹಗಲಲ್ಲೇ ಹಾಕಿದ್ದ ಓಣಿಯ ಬಲ್ಬು. ಅದೂ ನಾನು ಕೊಟ್ಟದ್ದೇ.

ವಠಾರದ ಐದೂ ಮನೆಗೆ ನಾನು ಬಲ್ಬು ಹಂಚಿದ್ದೆ. ನನ್ನ ಮಗಳು ಒಬ್ಬಳೇ ಇರುತ್ತಾಳೆ, ಅಕ್ಕಪಕ್ಕದವರು ಚೆನ್ನಾಗಿ ನೋಡಿಕೊಳ್ಳಲಿ ಎಂದು ಹಬ್ಬಹಬ್ಬಕ್ಕೆ ಕೊಟ್ಟು ಬಂದಿದ್ದೆ. ಈಗ ಬಾಗಿಲು ಬಾಗಿಲಿಗೆ ಹೋಗಿ, ಕೊಟ್ಟದ್ದನ್ನು ವಾಪಸ್ ಕೇಳಬೇಕು.

ಪಕ್ಕದ ಮನೆಯಾಕೆ ಸೊಂಟಕ್ಕೆ ಕೈ ಇಟ್ಟು ಕೇಳಿದಳು: "ಏನಜ್ಜಿ, ಮೊನ್ನೆ ನಿಮ್ಮ ಮಗಳ ಬಕೆಟ್ ಪಕ್ಕಕ್ಕೆ ಸರಿಸಿದೆ ಅಂತ ಬಲ್ಬು ಕಿತ್ಕೊಂಡು ಹೋಗ್ತಿದೀರಾ?"

"ಇಲ್ಲವ್ವ. ಇದ್ರಾಗ ದೋಷ ಐತಿ. ನಾನ ಮಾಡಿದ ದೋಷ. ಮಗೀನ ಕಿವೀಗೆ ಹತ್ತೈತಿ."

"ಬಲ್ಬಿನ ಬೆಳಕು ಕಿವಿಗೆ ಹತ್ತುತ್ತಾ? ನಾನು ಇಲ್ಲೀವರೆಗೂ ಕೇಳಿಲ್ಲ ಬಿಡಿ ಇದನ್ನ!"

ರೇಡಿಯೋ ಹಾಕಿ ತೋರಿಸಿದೆ. ಅವಳ ಗಂಡ ಸ್ಟೂಲ್ ತಂದು ತಾನೇ ಬಲ್ಬು ಬಿಚ್ಚಿಕೊಟ್ಟ. ಕೊನೆಯ ಮನೆಯ ಮುದುಕಪ್ಪ ಮಾತ್ರ ಬದಲಿ ಬಲ್ಬು ತರುವವರೆಗೆ ಕೊಡುವುದಿಲ್ಲ ಎಂದು ಕೂತುಬಿಟ್ಟ. ಮಗಳು ಓಡಿಹೋಗಿ ಅಂಗಡಿಯಿಂದ ಬೇರೆ ಕಂಪನಿಯದ್ದು ತಂದಳು. ಅದನ್ನೂ ರೇಡಿಯೋ ಮುಂದೆ ಹಿಡಿದು ನೋಡಿಯೇ ಹಾಕಿದ್ದು.

ಕೊನೆಗೆ ಓಣಿಯಲ್ಲಿ ರೇಡಿಯೋ ತಿಳಿಯಾಗಿ ಮಾತಾಡಿತು. ಮಗಳು ದೀಪ ಹಾಕಿ, ಮೈಕು ಸಿಕ್ಕಿಸಿಕೊಂಡು, ಮಗುವಿನ ಕೊರಳಿಗೆ ಡಬ್ಬಿ ಹಾಕಿದಳು. ಮಗು ಕೈ ಎತ್ತಿ ಕೀಳಲು ಹೋಗಿ, ನಿಂತಳು. ಬಲ್ಬು ನೋಡಿದಳು. ತಾಯಿಯ ಬಾಯಿ ನೋಡಿದಳು. ಮಗಳು "ಅನ್ನ, ಅನ್ನ ಉಣ್ಣೋಣು" ಎನ್ನುತ್ತಾ ಅಳುತ್ತಿದ್ದಳು. ಡಬ್ಬಿ ಕೊರಳಲ್ಲೇ ಉಳಿಯಿತು. ನಾನು ಮೆಲ್ಲಗೆ ಒಂದು ಹೆಜ್ಜೆ ಮುಂದೆ ಬಂದೆ. ಮಗು ಚೀರಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. ಸದ್ದು ಹೋದರೂ ನನ್ನ ಮುಖ ಹೋಗಿರಲಿಲ್ಲವಲ್ಲ. ಊಟಕ್ಕೂ ನಿಲ್ಲದೆ ಹೊರಟುಬಂದೆ.

ಬಸ್ಸಿನಲ್ಲಿ ಕೂತಾಗ ಇಕ್ಕೆಲದ ಮನೆಗಳಲ್ಲಿ ದೀಪ ಹತ್ತುತ್ತಿತ್ತು. ಆ ಕಿಟಕಿಗಳಲ್ಲಿ ನನ್ನ ಡುಬ್ಬದ ತಂತಿ ಎಷ್ಟಿವೆಯೋ! ನನ್ನ ಮೊಮ್ಮಗಳಂಥ ಇನ್ನೊಂದು ಮಗು ಯಾವುದಾದರೂ ಮನೆಯಲ್ಲಿ ಡಬ್ಬಿ ಕಿತ್ತು ಎಸೆಯುತ್ತಿದ್ದರೆ, ಅದರ ತಾಯಿಗೆ ಹೇಳುವವರು ಯಾರು? ಆ ತಾಯಿಯ ಅವ್ವ ನನ್ನಂತೆ ಬಲ್ಬಿನ ಕೆಲಸದವಳಲ್ಲವಲ್ಲ.

ಸೋಮವಾರ ಬೆಳಗ್ಗೆ ಸೂಪರ್‌ವೈಸರನ್ನು ದಾಟಿ ನೇರ ಮಾಲೀಕರ ಕೋಣೆಗೆ ಹೋದೆ. ಎರಡು ಬೋರ್ಡು ಮೇಜಿನ ಮೇಲಿಟ್ಟೆ.

"ಇದು ನಾನ ಕಲಿಸಿದ್ದು ಸರ್. ಬೆಲ್ಟಿನವ್ರು ನಾ ಹೇಳ್ದಂಗ ಮಾಡ್ಯಾರ. ಅವ್ರದೇನೂ ತಪ್ಪಿಲ್ಲ."

ಅವರು ಬೋರ್ಡು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಎಷ್ಟು ದಿನ ಹೀಗೆ ಮಾಡಿದ್ರಿ?"

"ದಿನ ನೆನಪಿಲ್ರೀ. ಆಗ ಡಬ್ಬಿಗೆ ಹಳದಿ ಸ್ಟಿಕ್ಕರ್ ಇತ್ತು, ಆಮ್ಯಾಲೂ ನನ್ನ ರೀವರ್ಕಿನ ಡಬ್ಬಿಗೆ ಅದನ್ನ ಹಚ್ಚೇವಿ. ಹಳದಿ ಇದ್ದಾವಲ್ಲ, ಅವೆಲ್ಲ ಬಿಚ್ಚಿ ನೋಡ್ಬೇಕು."

"ಅಜ್ಜಿ, ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೌದ್ರಿ."

ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಅಂಗಡಿಗಳಿಗೆ ಫೋನ್ ಮಾಡಿಸಿದರು. ಎರಡು ದಿನದಲ್ಲಿ ಹಳದಿ ಸ್ಟಿಕ್ಕರಿನ ಡಬ್ಬಿಗಳು ಆಟೋದಲ್ಲಿ ಬರತೊಡಗಿದವು. ಮಾರಾಟವಾಗಿದ್ದವಕ್ಕೆ ಅಂಗಡಿಯ ಮುಂದೆ ಚೀಟಿ ಅಂಟಿಸಿದರು, ತಂದವರಿಗೆ ಬದಲಿಸಿ ಕೊಡಬೇಕೆಂದು. ಮೊದಲು ಬಂದ ನಾಲ್ಕುನೂರು ಚಿಲ್ಲರೆ ಬಲ್ಬುಗಳನ್ನು ಹತ್ತು ದಿನದಲ್ಲಿ ಸರಿಮಾಡಿ ಅಂಗಡಿಗಳಿಗೆ ಕಳಿಸುವುದಾಗಿ ಮಾಲೀಕರು ಮಾತು ಕೊಟ್ಟರು. ಆಮೇಲೆ ಹೊರಗೆ ಬಂದು, ನಾಗರಪಂಚಮಿಯ ನಾಲ್ಕು ದಿನದ ರಜೆ ಯಾರಿಗೂ ಇಲ್ಲ, ಆಗಲೇ ಈ ಕೆಲಸ ಮುಗಿಸಬೇಕು ಎಂದರು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಪಂಚಮಿ ಎಂದರೆ ಏನೆಂದು ಇಲ್ಲಿಯವರಿಗೆ ಹೇಳುವುದು ಕಷ್ಟ. ವರ್ಷವೆಲ್ಲ ಸಿಮೆಂಟು, ಬೆಸುಗೆ, ಬಾಡಿಗೆ ಕೋಣೆ. ಪಂಚಮಿಗೆ ಅಣ್ಣ ತಮ್ಮ ಬಂದು ಕರೆದೊಯ್ಯುತ್ತಾರೆ. ತವರಿನಲ್ಲಿ ಜೋಕಾಲಿ, ಉಂಡೆ, ಅವ್ವನ ಕೈಯ ಎಣ್ಣೆ. ಬೆಲ್ಟಿನ ಹೆಂಗಸರು ಬಸ್ಸಿನ ಸೀಟು ಕೂಡ ಹಿಡಿದಾಗಿತ್ತು.

ಅಂದು ಮಧ್ಯಾಹ್ನ ನಾನು ಬುತ್ತಿ ಬಿಚ್ಚಿ ಅವರ ಸಾಲಿನಲ್ಲಿ ಕೂತೆ. ಗಂಗಾವತಿಯವಳು ತನ್ನ ಡಬ್ಬಿ ಎತ್ತಿಕೊಂಡು ಎದ್ದಳು. ಹಿಂದೆಯೇ ಉಳಿದವರೂ ಎದ್ದರು.

"ತಂತಿ ಹಾಕ್ರಿ ಅಂದಾಕೀನೂ ನೀನ, ಹೋಗಿ ಹೇಳಿದಾಕೀನೂ ನೀನ. ನಡುವ ನಮ್ಮ ತವರುಮನಿ ಹೋತು" ಎಂದಳು ಅವಳು. "ನಮ್ಮವ್ವ ಈ ವರ್ಷ ಹಾಸಿಗಿ ಹಿಡದಾಳ, ಗೊತ್ತೈತೇನ ನಿನಗ?"

ನನಗೆ ಗೊತ್ತಿರಲಿಲ್ಲ. ರೊಟ್ಟಿಯನ್ನು ಮತ್ತೆ ಬುತ್ತಿಗೇ ಹಾಕಿ ಕಟ್ಟಿದೆ. ಮೂರು ದಿನ ಹಾಗೆಯೇ ಹೋಯಿತು. ಟೇಬಲಿಗೆ ಡಬ್ಬಿ ತಂದಿಡುವವರು ಕೆಳಗಿಟ್ಟು ಹೋಗುತ್ತಿದ್ದರು, ಮಾತಿಲ್ಲ. ಅಜ್ಜಿ, ದೊಡ್ಡವ್ವ ಎನ್ನುವ ಒಂದು ದನಿ ಇಲ್ಲ. ಸೂಪರ್‌ವೈಸರ್ ಅಂತೂ ನನ್ನ ಟೇಬಲಿನ ಕಡೆ ತಿರುಗುತ್ತಲೇ ಇರಲಿಲ್ಲ.

ನಾಲ್ಕನೆಯ ದಿನ ಮತ್ತೆ ಮಾಲೀಕರ ಕೋಣೆಗೆ ಹೋದೆ. "ಸರ್, ಅವ್ರನ್ನ ಕಳಿಸ್ರಿ. ನಾಕು ದಿನ ನಾನೊಬ್ಬಾಕೀನ ಕುಂತು ಮಾಡ್ತೇನಿ."

"ನಾಲ್ಕುನೂರು ಬಲ್ಬು ಅಜ್ಜಿ. ಒಬ್ರೇ ಹೇಗೆ ಮಾಡ್ತೀರ?"

"ದಿನಕ್ಕ ನೂರು ಮಾಡ್ತೇನಿ. ನನಗೇನು ತವರು ಐತ್ರಿ, ಹೋಗಾಕ? ಆಗ್ಲಿಲ್ಲಂದ್ರ ನನ್ನ ತೆಗೀರಿ."

ಅವರು ಒಪ್ಪಿದರು. ಹೆಂಗಸರು ಸಂಜೆ ಚೀಲ ಹಿಡಿದು ಹೊರಟರು. ಹೋಗುವಾಗಲೂ ಯಾರೂ ನನ್ನತ್ತ ನೋಡಲಿಲ್ಲ. ಅವರಿಗೆ ನಾನು ಕೇಳಿಕೊಂಡದ್ದು ಗೊತ್ತಿತ್ತೋ ಇಲ್ಲವೋ, ನಾನಂತೂ ಹೇಳಲಿಲ್ಲ.

ಆ ನಾಲ್ಕು ದಿನ ಶೆಡ್ಡಿನಲ್ಲಿ ನಾನು, ಬಾಗಿಲ ಹೊರಗೆ ವಾಚ್‌ಮನ್. ಬೆಲ್ಟು ನಿಂತಿತ್ತು. ತಗಡಿನ ಮೇಲೆ ಶ್ರಾವಣದ ಜಡಿಮಳೆ. ಏಳಕ್ಕೆ ಕೂರುತ್ತಿದ್ದೆ. ಎಡಗಡೆ ಹಳದಿ ಡಬ್ಬಿಗಳು, ಬಲಗಡೆ ಖಾಲಿ ಟ್ರೇ. ಬುರುಡೆ ತಿರುಗಿಸು, ತಟ್ಟೆ ಬಿಡಿಸು, ಬೋರ್ಡು ಎಳೆ, ತಂತಿ ಕರಗಿಸಿ ತೆಗೆ, ಕಾಯಿಲ್ ಕೂರಿಸು, ಬೆಸೆ, ಮುಚ್ಚು. ಪ್ರತಿ ಬಲ್ಬನ್ನೂ ಹೋಲ್ಡರಿಗೆ ಹಾಕಿ ರೇಡಿಯೋ ಹಿಡಿದು ಕೇಳುವುದು. ಮೊದಲ ದಿನ ಎಪ್ಪತ್ತೊಂದೇ ಆದವು. ಅವಸರಕ್ಕೆ ಕಾಯಿಲಿನ ತಂತಿಕಾಲಿನ ಬುಡದಲ್ಲಿ ಎಳೆ ಹರಿಯುತ್ತಿತ್ತು. ಇಕ್ಕಳದಿಂದ ಮಡಚುವುದು ಬಿಟ್ಟು ಬೆರಳಿನಿಂದಲೇ ಮಡಚಿ ಕೂರಿಸತೊಡಗಿದೆ, ಹರಿಯುವುದು ನಿಂತಿತು. ಎರಡನೆಯ ದಿನ ನೂರಾಹತ್ತು. ಬೆರಳ ತುದಿ ಸುಟ್ಟು ಬೊಬ್ಬೆ ಎದ್ದಿತು. ತೆಗೆದ ತಂತಿಯ ತುಂಡುಗಳನ್ನು ಒಂದು ಲೋಟದಲ್ಲಿ ಹಾಕುತ್ತಿದ್ದೆ. ಪ್ರತಿಯೊಂದಕ್ಕೂ ನನ್ನ ಡುಬ್ಬ. ಮೂರನೆಯ ದಿನಕ್ಕೆ ಲೋಟ ತುಂಬಿತು.

ಮಾತಾಡುವವರಿಲ್ಲದೆ ನಾನು ರೇಡಿಯೋದ ಜೊತೆ ಮಾತಾಡುತ್ತಿದ್ದೆ. ಅದು ಹವಾಮಾನ ಹೇಳಿದರೆ "ಹೌದೇನು, ನಮ್ಮ ಕಡೆ ಮಳಿ ಐತೇನು" ಎನ್ನುತ್ತಿದ್ದೆ. ಪಂಚಮಿಯ ದಿನ ವಾಚ್‌ಮನ್ ಎರಡು ಬಾಳೆಹಣ್ಣು ತಂದುಕೊಟ್ಟ. ಅಷ್ಟೇ ಹಬ್ಬ. ಸಂಜೆ ಮಗಳು ಫೋನ್ ಮಾಡಿ, ಮಗು ದಿನಾ ಒಂದು ತಾಸು ಡಬ್ಬಿ ಹಾಕಿಕೊಳ್ಳುತ್ತಿದೆ, ಆದರೆ ಬಾಯಿಂದ ಇನ್ನೂ ಒಂದು ಮಾತೂ ಹೊರಟಿಲ್ಲ, ಮೇಡಂ ಕಾಯೋಣ ಅಂದಿದ್ದಾರೆ ಎಂದಳು. "ನೀ ಯಾವಾಗ ಬರ್ತಿ?" ಎಂದು ಕೇಳಿದಳು. ನನ್ನನ್ನು ನೋಡಿ ಮತ್ತೆ ಕಿತ್ತು ಎಸೆದರೆ? ಕೆಲಸ ಐತಿ ಎಂದೆ. ನಾಲ್ಕನೆಯ ದಿನ ಕತ್ತಲಾಗುವ ಹೊತ್ತಿಗೆ ಕೊನೆಯ ಬಲ್ಬು ಮುಚ್ಚಿದೆ. ಎದ್ದು ನಿಲ್ಲಲು ಟೇಬಲ್ ಹಿಡಿಯಬೇಕಾಯಿತು.

ಹೆಂಗಸರು ಊರಿನಿಂದ ಬಂದರು. ಗಂಗಾವತಿಯವಳು ಬೆಳಗ್ಗೆ ನನ್ನ ಟೇಬಲಿನ ಮೇಲೆ ಪೇಪರಿನಲ್ಲಿ ಸುತ್ತಿದ ಎರಡು ಶೇಂಗಾ ಉಂಡೆ ಇಟ್ಟು ಹೋದಳು. ಮಾತಾಡಲಿಲ್ಲ. ನಾನೂ ಅವಳ ಅವ್ವ ಹೇಗಿದ್ದಾಳೆ ಎಂದು ಕೇಳುವ ಧೈರ್ಯ ಮಾಡಲಿಲ್ಲ. ಹಿರಿಯರು ಬಂದು ಸರಿಯಾದ ಹನ್ನೆರಡು ಬಲ್ಬನ್ನೂ ರೇಡಿಯೋವನ್ನೂ ಒಯ್ದರು. ಅದು ಹೋದ ಮೇಲೆ ಟೇಬಲ್ ಬರಿದೆನಿಸಿತು.

ಎರಡು ಭಾನುವಾರ ಬಿಟ್ಟು, ಮಗಳಿಗೆ ಜ್ವರ ಎಂದು ಬೇಗೂರಿಗೆ ಹೋದೆ. ಮಗಳು ಮಲಗಿದ್ದಳು. ಮಗು ಡಬ್ಬಿ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತಿದ್ದಳು. ನನ್ನನ್ನು ಕಂಡು ಗೋಡೆಗೆ ಸರಿದಳು, ಆದರೆ ಡಬ್ಬಿ ಕೀಳಲಿಲ್ಲ. ನಾನು ಅವಳತ್ತ ನೋಡದೆ ಅಡುಗೆಗೆ ನಿಂತೆ. "ಯವ್ವಾ, ಇವತ್ತು ಮೈಕು ನೀನ ಹಾಕ್ಕೋ, ನನಗ ದನಿ ಹೊರಡವಲ್ದು" ಎಂದು ಮಗಳು ಮಲಗಿದಲ್ಲಿಂದಲೇ ಹೇಳಿದಳು. ಸೆರಗಿಗೆ ಸಿಕ್ಕಿಸಿಕೊಂಡೆ. ಏನು ಮಾತಾಡುವುದು? ನನ್ನ ದನಿ ಕೇಳಿ ಅವಳು ಹೆದರಿದರೆ ಎಂದು ಸುಮ್ಮನೆ ಈರುಳ್ಳಿ ಹೆಚ್ಚಿದೆ.

ಅಷ್ಟರಲ್ಲಿ ಓಣಿಯ ತುದಿಗೆ ಸೊಪ್ಪಿನ ಗಾಡಿ ಬಂತು. ಸೆರಗಿನ ಮೈಕು ಮರೆತು ಹೊರಗೆ ಓಡಿದೆ. ಗಾಡಿಯವನು ಮೆಂತ್ಯದ ಕಟ್ಟು ಎತ್ತಿ ನನ್ನ ಕೈಗೆ ತುರುಕಿದ.

"ಬ್ಯಾಡ ಬ್ಯಾಡ, ಇದು ಬಾಡೇತಿ."

"ಬೆಳಗ್ಗೆ ಕಿತ್ತಿದ್ದು ಅಜ್ಜಿ!"

"ಯಾವ ಬೆಳಿಗ್ಗಿ, ಹೋದ ವಾರದ್ದೇನು? ಬ್ಯಾಡಪ್ಪಾ ಬ್ಯಾಡ. ಅದನ್ನ ತೋರ್ಸು. ಇದೂ ಬ್ಯಾಡ!"

ಹೀಗೆಯೇ ಜಗಳ ಮುಗಿಸಿ, ಸಬ್ಬಸಿಗೆ ಸೊಪ್ಪು ಹಿಡಿದು ವಾಪಸ್ ಬಂದರೆ, ಮಗಳು ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಕೈಯಲ್ಲಿ ಹಾಲಿನ ಲೋಟ. ಎದುರಿಗೆ ಮಗು. ಮಗಳ ಕಣ್ಣು ಇಷ್ಟಗಲ.

"ಯವ್ವಾ, ಹಾಲು ಕುಡಿ ಅಂತ ಲೋಟ ಕೊಟ್ಟೆ. ಏನಂದ್ಲು ಗೊತ್ತೇನು?" ಎಂದು ಮತ್ತೆ ಲೋಟ ಮುಂದೆ ಹಿಡಿದಳು.

ಮಗು ಅಂಗೈ ಅಡ್ಡ ಹಿಡಿದು, ಮುಖ ಗಂಟು ಹಾಕಿ, ಅದೇ ನನ್ನ ರಾಗದಲ್ಲಿ ಹೇಳಿತು: "ಬ್ಯಾಡ ಬ್ಯಾಡ."

ನಾನು ಎದುರಿಗೆ ಇರಲೇ ಇಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ, ಗೋಡೆಯ ಆಚೆ, ಗಾಡಿಯವನ ಜೊತೆ ಜಗಳವಾಡುತ್ತಿದ್ದೆ. ನನ್ನ ದನಿ ಅಷ್ಟು ದೂರದಿಂದ ನೆಟ್ಟಗೆ ಹೋಗಿ ಅವಳ ಕಿವಿ ಸೇರಿತ್ತು!

ಮಗಳು ಶಾಲೆಯ ಮೇಡಂಗೆ ವಿಡಿಯೋ ಕಾಲ್ ಮಾಡಿದಳು. ಭಾನುವಾರವಾದರೂ ಅವರು ಎತ್ತಿದರು. ಮಗಳು ಲೋಟ ತೋರಿಸಿದಳು, "ಬ್ಯಾಡ". ಬಾಚಣಿಗೆ ತೋರಿಸಿದಳು, "ಬ್ಯಾಡ". ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಯಾರಿಂದ ಕಲಿತಳು ಇದನ್ನ? ಸೆಟ್ ವಾಪಸ್ ಕೊಡೋದು ಬೇಡ ಅಮ್ಮ, ನಿಮ್ಮ ಹತ್ರಾನೇ ಇರಲಿ. ದಿನಾ ಮಾತಾಡಿ. ಆ ಅಜ್ಜಿಗೂ ಮಾತಾಡೋಕೆ ಹೇಳಿ."

ಫೋನ್ ಇಟ್ಟ ಮೇಲೆ ನಾನು ನೆಲದ ಮೇಲೆ ಕೂತೆ, ಅವಳಿಂದ ಸ್ವಲ್ಪ ದೂರದಲ್ಲೇ. ಮೈಕು ಸೆರಗಿನಲ್ಲೇ ಇತ್ತು. ಎರಡೂ ತೋಳು ಚಾಚಿದೆ. "ಬಾರವ್ವ ನನ್ನ ಬಂಗಾರಿ, ಅಜ್ಜಿ ಹತ್ರ ಬಾ."

ಅವಳು ಓಡಲಿಲ್ಲ. ನನ್ನ ಬಾಯಿಯನ್ನೇ ನೋಡಿದಳು, ಆಮೇಲೆ ಕೊರಳಿನ ಡಬ್ಬಿ ಮುಟ್ಟಿ ನೋಡಿಕೊಂಡಳು. ಕಣ್ಣಲ್ಲಿ ಕಣ್ಣಿಟ್ಟು, ಅಂಗೈ ಅಡ್ಡ ಹಿಡಿದು, ಸ್ಪಷ್ಟವಾಗಿ ಹೇಳಿದಳು.

"ಬ್ಯಾಡ."

"ಇನ್ನೊಮ್ಮೆ ಹೇಳವ್ವ" ಎಂದೆ. ಇನ್ನೊಮ್ಮೆ ಹೇಳಿದಳು. ಅಂದು ಸಂಜೆ ಬಸ್ಸಿಗೆ ಹೊರಡುವ ತನಕ ನಾನು ಕರೆಯುತ್ತಲೇ ಇದ್ದೆ, ಅವಳು ಬ್ಯಾಡ ಅನ್ನುತ್ತಲೇ ಇದ್ದಳು.